ಸಾರಿದ ಮಾತು ಸೇರಬೇಕು

ಇಂಗ್ಲಿಷು ಪತ್ರಿಕೆಯ ಯಾವ ಪುಟವನ್ನು ತೆರೆದರೂ ಕಣ್ಣಿಗೆ ಬೀಳುವ ಕ್ರಿಯಾಪದವೊಂದುಂಟು: ‘ಅನೌನ್ಸ್’. ಮಂತ್ರಿಗಳು ಯೋಜನೆಯನ್ನು ‘ಅನೌನ್ಸ್’ ಮಾಡುತ್ತಾರೆ. ವಿಶ್ವವಿದ್ಯಾಲಯವು ಪರೀಕ್ಷೆಯ ಫಲಿತಾಂಶವನ್ನು ‘ಅನೌನ್ಸ್’ ಮಾಡುತ್ತದೆ. ರೈಲು ಗಾಡಿ ತಡವಾಗಿ ಬರುವುದೆಂಬುದನ್ನು ನಿಲ್ದಾಣದ ಧ್ವನಿವರ್ಧಕವು ‘ಅನೌನ್ಸ್’ ಮಾಡುತ್ತದೆ. ಈ ಮಾತು ಈಗ ಇಂಗ್ಲಿಷಿನ ಸ್ವತ್ತಾಗಿ ಮಾತ್ರ ಉಳಿದಿಲ್ಲ. ಊರ ಜಾತ್ರೆಯಲ್ಲಿ ಮಗುವೊಂದು ತಪ್ಪಿಸಿಕೊಂಡರೆ ‘ಮೈಕಿನಲ್ಲಿ ಅನೌನ್ಸ್ ಮಾಡಿಸಿ’ ಎಂದು ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದ ತಾಯಿಯೂ ಹೇಳುತ್ತಾಳೆ. ಇಷ್ಟು ಬಳಕೆಯಾದ ಮಾತಿನ ಅರ್ಥವೇನೆಂದು ಕೇಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಬಳಕೆಯಿಂದ ನಯವಾದ ನಾಣ್ಯದ ಮೇಲಣ ಮುದ್ರೆಯನ್ನು ಆಗಾಗ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಈ ಮಾತಿನ ಮುದ್ರೆಯಲ್ಲಿ ನಮ್ಮ ಆಡಳಿತವು ಮರೆತಿರುವ ಒಂದು ಕರ್ತವ್ಯವು ಬರೆದಿದೆಯೆಂಬುದು ನಮ್ಮ ಅಭಿಪ್ರಾಯ.

‘ಅನೌನ್ಸ್’ ಎಂಬುದು ಇಂಗ್ಲಿಷಿನ ಹುಟ್ಟು ಮಾತಲ್ಲ. ಹಳೆಯ ಫ್ರೆಂಚಿನಿಂದ 15ನೆಯ ಶತಮಾನದ ಕೊನೆಯ ವೇಳೆಗೆ ಅದು ಇಂಗ್ಲಿಷಿಗೆ ಬಂದಿತು. ಫ್ರೆಂಚರಿಗೆ ಅದು ಲ್ಯಾಟಿನ್ನಿನಿಂದ ಬಂದ ಪಿತ್ರಾರ್ಜಿತ. ಲ್ಯಾಟಿನ್ನಿನಲ್ಲಿ ಅದರ ರೂಪ ‘ಅನ್ನುಂತಿಯಾರೆ’. ಇದನ್ನು ಒಡೆದರೆ ಎರಡು ಭಾಗ. ಮೊದಲನೆಯದು ‘ಆಡ್’ ಎಂಬ ಉಪಸರ್ಗ. ‘ಕಡೆಗೆ’, ‘ಬಳಿಗೆ’ ಎಂದು ಅದರ ಅರ್ಥ. ಎರಡನೆಯದು ‘ನುಂತಿಯುಸ್’ ಎಂಬ ನಾಮಪದದಿಂದಾದ ಕ್ರಿಯೆ. ‘ನುಂತಿಯುಸ್’ ಎಂದರೆ ದೂತ. ಆ ದೂತನು ತರುವ ಸುದ್ದಿಗೂ ಅದೇ ಹೆಸರು. ಪೋಪರ ರಾಯಭಾರಿಯನ್ನು ಇಂದಿಗೂ ‘ನುನ್ಸಿಯೊ’ ಎಂದು ಕರೆಯುವುದು ಇದರಿಂದಲೆ. ಆದುದರಿಂದ ‘ಅನೌನ್ಸ್’ ಎಂಬುದರ ಮೂಲಾರ್ಥ ಕೂಗುವುದೂ ಅಲ್ಲ, ಬರೆದು ಹಚ್ಚುವುದೂ ಅಲ್ಲ. ಸುದ್ದಿಯನ್ನು ಹೊತ್ತುಕೊಂಡು, ಯಾರಿಗೆ ಅದು ಸಲ್ಲಬೇಕೊ ಅವರ ಬಳಿಗೆ ಹೋಗಿ ಒಪ್ಪಿಸುವುದು.

ಇದರ ಅಕ್ಕಪಕ್ಕದ ಮಾತುಗಳೊಡನೆ ಹೋಲಿಸಿದರೆ ಈ ವಿಶೇಷವು ಇನ್ನಷ್ಟು ಸ್ಪಷ್ಟವಾಗುತ್ತದೆ. ‘ಪ್ರೊಕ್ಲೇಮ್’ ಎಂಬುದರ ಮೂಲದಲ್ಲಿರುವುದು ಕೂಗು. ‘ಡಿಕ್ಲೇರ್’ ಎಂಬುದರ ಮೂಲದಲ್ಲಿರುವುದು ವಿಶದಪಡಿಸುವ ಭಾವ. ‘ಪಬ್ಲಿಷ್’ ಎಂದರೆ ಸಾರ್ವಜನಿಕರ ಸ್ವತ್ತಾಗಿ ಮಾಡುವುದು. ಕೂಗುವವನು ಕೂಗಿ ಸುಮ್ಮನಾಗಬಹುದು. ಪ್ರಕಟಿಸುವವನು ಗೋಡೆಗೆ ಹಚ್ಚಿ ಮನೆಗೆ ಹೋಗಬಹುದು. ‘ಅನೌನ್ಸ್’ ಮಾಡುವವನಿಗೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಅವನು ದೂತ. ಎದುರಿಗಿರುವವನ ಕಿವಿಗೆ ಮಾತು ಮುಟ್ಟುವವರೆಗೆ ಅವನ ಕೆಲಸ ಮುಗಿಯದು.

ಇದೇ ದೂತನ ಮನೆತನದಲ್ಲಿ ಹುಟ್ಟಿದ ಬೇರೆ ಮಕ್ಕಳೂ ಇಂಗ್ಲಿಷಿನಲ್ಲಿ ಇದ್ದಾರೆ. ‘ಪ್ರೊನೌನ್ಸ್’ ಎಂದರೆ ಎಲ್ಲರೆದುರಿಗೆ ನುಡಿಯುವುದು. ನ್ಯಾಯಾಧೀಶನು ತೀರ್ಪನ್ನು ಹೇಳುವುದಕ್ಕೂ ವಿದ್ಯಾರ್ಥಿಯು ಮಾತನ್ನು ಉಚ್ಚರಿಸುವುದಕ್ಕೂ ಇದೊಂದೇ ಪದ. ‘ಡಿನೌನ್ಸ್’ ಎಂಬುದು ಮೊದಲು ವಿಧಿವತ್ತಾಗಿ ಎಚ್ಚರಿಕೆ ಕೊಡುವುದೆಂಬ ಅರ್ಥದಲ್ಲಿದ್ದು, ಕ್ರಮೇಣ ದೂಷಿಸುವುದೆಂದಾಯಿತು. ಇವರಲ್ಲಿ ‘ರಿನೌನ್ಸ್’ ಎಂಬುದರ ಕಥೆಯೇ ಸ್ವಾರಸ್ಯವಾದದ್ದು. ಈಗ ಅದಕ್ಕೆ ತ್ಯಜಿಸುವುದೆಂಬ ಅರ್ಥ. ಆದರೆ ಅದರ ಲ್ಯಾಟಿನ್ ಮೂಲಕ್ಕೆ, ಹೋದ ದೂತನು ಮರಳಿ ಬಂದು ವರದಿ ಒಪ್ಪಿಸುವುದೆಂಬ ಅರ್ಥವೂ ಇದ್ದಿತು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಅದರಿಂದ ಕೆಲಸವಿದೆ.

ಮಾತಿನಲ್ಲಿದ್ದ ಧರ್ಮವು ಅದನ್ನಾಡಿದ ಜನರ ನಡತೆಯಲ್ಲಿ ಯಾವಾಗಲೂ ಇದ್ದಿತೆಂದು ನಾವು ಹೇಳಲಾರೆವು. ರೋಮಿನಲ್ಲಿ ಕ್ರಿಸ್ತಪೂರ್ವ 59ರಲ್ಲಿ ಜೂಲಿಯಸ್ ಸೀಸರನು ರಾಜಸಭೆಯ ನಡಾವಳಿಗಳನ್ನು ಜನರಿಗೆ ಕಾಣುವಂತೆ ಪ್ರಕಟಪಡಿಸುವ ಏರ್ಪಾಡನ್ನು ಮಾಡಿದನು. ಅದೇ ರೋಮಿನಲ್ಲಿ ನೂರು ವರುಷಗಳು ತುಂಬುವ ಮೊದಲೇ ಕಲಿಗುಲ ಚಕ್ರವರ್ತಿಯು ಹೊಸ ತೆರಿಗೆಗಳನ್ನು ವಿಧಿಸಿದಾಗ ಅವುಗಳ ನಿಬಂಧನೆಗಳನ್ನು ಬರೆದು ಹಚ್ಚಿಸಲೇ ಇಲ್ಲ. ತಿಳಿಯದೆ ತಪ್ಪಿ ನಡೆದವರು ದಂಡಕ್ಕೆ ಗುರಿಯಾದರು. ಜನರ ಒತ್ತಾಯವು ಹೆಚ್ಚಿದ ಮೇಲೆ ಆತನು ಕಟ್ಟಳೆಯನ್ನು ಹಚ್ಚಿಸಿದನು. ಆದರೆ ಬಲು ಇಕ್ಕಟ್ಟಾದ ಜಾಗದಲ್ಲಿ, ಬಲು ಸಣ್ಣ ಅಕ್ಷರಗಳಲ್ಲಿ, ಯಾರೂ ನಕಲು ಮಾಡಿಕೊಳ್ಳಲಾಗದಂತೆ. ಇದು ಚರಿತ್ರಕಾರ ಸ್ವಿಟೋನಿಯಸನು ಹೇಳಿರುವ ಸಂಗತಿ. ಪ್ರಕಟಿಸಿಯೂ ಮುಚ್ಚಿಡುವ ವಿದ್ಯೆಯು ಎಷ್ಟು ಪುರಾತನವಾದದ್ದೆಂಬುದಕ್ಕೆ ಇದು ಸಾಕ್ಷಿ. ಆ ವಿದ್ಯೆಯನ್ನು ಬಲ್ಲವರು ಕಲಿಗುಲನೊಡನೆಯೇ ಅಳಿದುಹೋದರೆಂದು ಯಾರೂ ಭಾವಿಸಬಾರದು.

ಇಂಗ್ಲೆಂಡಿನ ಹಳೆಯ ಊರುಗಳಲ್ಲಿ ಗಂಟೆಯಾಡಿಸುತ್ತ ಬೀದಿಬೀದಿ ತಿರುಗಿ ಸುದ್ದಿ ಸಾರುವವನು ಮೊದಲು ‘ಓಯೆಜ್’ ಎಂದು ಕೂಗುತ್ತಿದ್ದನು. ಅದು ನಾರ್ಮನ್ ಫ್ರೆಂಚಿನ ಮಾತು. ‘ಕೇಳಿರಿ’ ಎಂದು ಅರ್ಥ. ಹೇಳುವುದಕ್ಕಿಂತ ಮೊದಲು ಕೇಳಿಸಿಕೊಳ್ಳುವ ಕಿವಿಯುಂಟೆ ಎಂದು ಗೊತ್ತುಮಾಡಿಕೊಳ್ಳುವ ಕ್ರಮವಿದು. ಆದರೆ ಅಲ್ಲಿಯೂ ‘ಕೇಳಿರಿ’ ಎಂಬ ಕರೆಯೇ ಕೇಳುವವರಿಗೆ ಅರ್ಥವಾಗದ ಪರಭಾಷೆಯಲ್ಲಿ ಉಳಿದುಕೊಂಡಿತೆಂಬುದನ್ನು ಗಮನಿಸಬೇಕು. ಗೆದ್ದವರ ನುಡಿಯು ಗೆದ್ದವರು ಹೋದ ಮೇಲೂ ಕಚೇರಿಯ ಬಾಯಲ್ಲಿ ನಿಲ್ಲುವುದು ನಮ್ಮ ದೇಶಕ್ಕೆ ಮಾತ್ರ ಬಂದ ರೋಗವಲ್ಲ.

ಇನ್ನು ನಮ್ಮ ನುಡಿಯತ್ತ ತಿರುಗೋಣ. ಈ ಒಂದು ಇಂಗ್ಲಿಷು ಪದಕ್ಕೆ ಕನ್ನಡದಲ್ಲಿ ಮಾತುಗಳ ಬಡತನವೇನೂ ಇಲ್ಲ. ಘೋಷಿಸು, ಪ್ರಕಟಿಸು, ಸಾರು, ಅರುಹು, ತಿಳಿಸು, ಬಿತ್ತರಿಸು, ಡಂಗುರ ಹೊಡೆಸು: ಒಂದೊಂದಕ್ಕೂ ಒಂದೊಂದು ಛಾಯೆ. ‘ಘೋಷ’ದಲ್ಲಿ ಧ್ವನಿ ಮುಖ್ಯ; ‘ಪ್ರಕಟ’ದಲ್ಲಿ ಕಣ್ಣಿಗೆ ಕಾಣುವುದು ಮುಖ್ಯ; ‘ಅರುಹು’ ಎಂಬಲ್ಲಿ ಅರಿವು ಮುಖ್ಯ. ‘ಅರಿ’ ಎಂಬವನು ತಾನೇ ತಿಳಿದುಕೊಳ್ಳುತ್ತಾನೆ. ‘ಅರುಹು’ವವನು ಇನ್ನೊಬ್ಬನು ತಿಳಿಯುವಂತೆ ಮಾಡುತ್ತಾನೆ. ಎದುರಿಗಿದ್ದವನಿಗೆ ಅರಿವಾಗದಿದ್ದರೆ ಅರುಹಿದಂತಾಗಲಿಲ್ಲ. ಲ್ಯಾಟಿನ್ನಿನ ದೂತನು ನಡೆದು ಹೋಗಿ ಸಾಧಿಸಿದ್ದನ್ನು ಕನ್ನಡವು ಕ್ರಿಯಾಪದದ ರೂಪದಲ್ಲಿಯೇ ಸಾಧಿಸಿಕೊಂಡಿದೆ.

‘ಸಾರು’ ಎಂಬ ಮಾತಿನಲ್ಲಿ ಒಂದು ಎಚ್ಚರಿಕೆ ಬೇಕು. ಹಳಗನ್ನಡದಲ್ಲಿ ‘ಸಾರ್’ ಎಂದರೆ ಸಮೀಪಿಸು, ಬಳಿಗೆ ಹೋಗು. ಇದನ್ನು ಕಂಡು, ಬಳಿಗೆ ಹೋಗಿ ಹೇಳುವುದೇ ಸಾರುವುದು, ಲ್ಯಾಟಿನ್ನಿಗೂ ಕನ್ನಡಕ್ಕೂ ಒಂದೇ ಭಾವ ಎಂದು ಹಿಗ್ಗುವ ಆಸೆಯಾಗುತ್ತದೆ. ಆದರೆ ಸತ್ಯವು ಹಾಗಿಲ್ಲ. ಪ್ರಚುರಪಡಿಸುವುದೆಂಬ ಅರ್ಥದ ‘ಸಾಱು’ ಎಂಬುದು ಶಕಟರೇಫವುಳ್ಳ ಬೇರೊಂದು ಧಾತು. ಕಾಲಕ್ರಮದಲ್ಲಿ ಶಕಟರೇಫವು ಬಳಕೆಯಿಂದ ಬಿಟ್ಟುಹೋದುದರಿಂದ ಎರಡು ಮಾತುಗಳೂ ಇಂದು ಒಂದೇ ರೂಪದಲ್ಲಿ ಕಾಣುತ್ತವೆ. ದೇಶಾಭಿಮಾನಕ್ಕಾಗಿ ವ್ಯುತ್ಪತ್ತಿಯನ್ನು ಬಗ್ಗಿಸುವುದು ನಮಗೆ ಸಮ್ಮತವಲ್ಲ. ಸುಳ್ಳು ಆಧಾರದ ಮೇಲೆ ಕಟ್ಟಿದ ಅಭಿಮಾನವು ಬಹುಕಾಲ ನಿಲ್ಲದು. ಅಲ್ಲದೆ ನಮಗೆ ಅದರ ಅಗತ್ಯವೂ ಇಲ್ಲ. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವು ನಮ್ಮ ಬಂಡೆಗಳ ಮೇಲೆಯೇ ಇದೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವು ಪ್ರಾಕೃತದಲ್ಲಿದೆ. ಆ ಶಾಸನವು ತನ್ನನ್ನು ಕರೆದುಕೊಳ್ಳುವ ಹೆಸರು ‘ಸಾವಣ’. ಸಂಸ್ಕೃತದಲ್ಲಿ ಹೇಳುವುದಾದರೆ ‘ಶ್ರಾವಣ’, ಎಂದರೆ ಕೇಳಿಸುವುದು. ಬರೆದದ್ದು ಕಲ್ಲಿನ ಮೇಲೆ. ಆದರೂ ಅದನ್ನು ‘ಬರಹ’ವೆನ್ನದೆ ‘ಕೇಳಿಸಿದ ಮಾತು’ ಎಂದು ಕರೆದಿದ್ದಾರೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಕೊರೆಯಿಸಿದ ಪ್ರತ್ಯೇಕ ಶಾಸನಗಳಲ್ಲಿ ಚಕ್ರವರ್ತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಈ ಲಿಪಿಯನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು, ನಡುನಡುವೆಯೂ ಕೇಳಿಸಬಹುದು, ಒಬ್ಬನೇ ಇದ್ದರೂ ಅವನಿಗೆ ಕೇಳಿಸಬೇಕು ಎಂಬುದು ಅಲ್ಲಿಯ ಆಜ್ಞೆಯ ತಾತ್ಪರ್ಯ. ಆ ಪ್ರತ್ಯೇಕ ಶಾಸನಗಳ ಪಾಠವೇ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ 1989ರಲ್ಲಿ ದೊರೆಯಿತು. ಸಾಮ್ರಾಜ್ಯದ ವಾಯವ್ಯದ ಅಂಚಿನ ಕಂದಹಾರದಲ್ಲಿ ಇದೇ ಅರಸನು ಪ್ರಾಕೃತವನ್ನು ಬಿಟ್ಟು ಅಲ್ಲಿನ ಜನರು ಬಲ್ಲ ಗ್ರೀಕಿನಲ್ಲಿಯೂ ಅರಮಾಯಿಕ್ಕಿನಲ್ಲಿಯೂ ಬರೆಯಿಸಿದನು. ಅಂಚೆಯಿಲ್ಲದ, ಅಚ್ಚಿಲ್ಲದ, ತಂತಿಯಿಲ್ಲದ ಆ ಕಾಲದಲ್ಲಿ ಇಷ್ಟು ಎಚ್ಚರಿಕೆ. ಎಲ್ಲವೂ ಇರುವ ಈ ಕಾಲದಲ್ಲಿ ನಮ್ಮ ಎಚ್ಚರಿಕೆ ಎಷ್ಟು?

ಕಾನೂನಿನ ಪುಸ್ತಕವನ್ನು ನೋಡಿದರೆ ಈ ಧರ್ಮವು ಅಲ್ಲಿ ಇಲ್ಲವೆನ್ನುವಂತಿಲ್ಲ. 1951ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹರ್ಲಾ ಎಂಬವನ ಮೊಕದ್ದಮೆ ಬಂದಿತು. ಜಯಪುರ ಸಂಸ್ಥಾನದ ಮಂತ್ರಿಮಂಡಲವು 1923ರಲ್ಲಿ ಅಫೀಮಿನ ಕಾಯಿದೆಯೊಂದನ್ನು ಠರಾವಿನ ಮೂಲಕ ಅಂಗೀಕರಿಸಿದ್ದಿತು. ಆದರೆ ಅದನ್ನು ಗೆಜೆಟ್ಟಿನಲ್ಲಾಗಲಿ ಬೇರೆ ರೀತಿಯಲ್ಲಾಗಲಿ ಪ್ರಜೆಗಳಿಗೆ ತಿಳಿಯಪಡಿಸಿರಲಿಲ್ಲ. ಆ ಕಾಯಿದೆಯ ಮೇರೆಗೆ ಹರ್ಲಾನಿಗೆ ಜುಲ್ಮಾನೆ ವಿಧಿಸಲಾಗಿದ್ದಿತು. ಮುಚ್ಚಿದ ಬಾಗಿಲಿನ ಹಿಂದೆ ಅಂಗೀಕಾರವಾದ ಮಾತ್ರಕ್ಕೆ ಅದು ಕಾನೂನಾಗದು, ಯಾವುದಾದರೊಂದು ಬಗೆಯಲ್ಲಿ ಜನರಿಗೆ ತಿಳಿಯಪಡಿಸಿದ ಹೊರತು ಯಾರನ್ನೂ ಅದರಿಂದ ಶಿಕ್ಷಿಸುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ನ್ಯಾಯಾಲಯವು ತೀರ್ಮಾನಿಸಿ ಶಿಕ್ಷೆಯನ್ನು ರದ್ದುಪಡಿಸಿತು. ಸಿವಿಲ್ ಪ್ರೊಸೀಜರ್ ಕೋಡಿನ 21ನೆಯ ಆರ್ಡರು, ಸ್ಥಿರಸ್ವತ್ತಿನ ಜಪ್ತಿಯನ್ನು ಆ ಸ್ವತ್ತಿನ ಬಳಿಯಲ್ಲಿ ಡಂಗುರ ಹೊಡೆಸಿ ಅಥವಾ ಸ್ಥಳದ ಬೇರೆ ವಾಡಿಕೆಯಂತೆ ಸಾರಬೇಕೆಂದು ಹೇಳುತ್ತದೆ. ದೊಡ್ಡ ಉದ್ಯಮಗಳ ಪರಿಸರ ಪರಿಣಾಮವನ್ನು ಕುರಿತ 2006ರ ಅಧಿಸೂಚನೆಯು, ಪತ್ರಿಕೆಗಳು ಹೋಗದ ಸ್ಥಳಗಳಲ್ಲಿ ಸಾರ್ವಜನಿಕ ವಿಚಾರಣೆಯ ವಿಷಯವನ್ನು ಡಂಗುರದಿಂದಲೂ ರೇಡಿಯೊ ಮುಂತಾದುವುಗಳಿಂದಲೂ ತಿಳಿಸಬೇಕೆನ್ನುತ್ತದೆ. 2005ರ ಮಾಹಿತಿ ಹಕ್ಕಿನ ಅಧಿನಿಯಮದ 4ನೆಯ ಪ್ರಕರಣವು, ಮಾಹಿತಿಯನ್ನು ಹರಡುವಾಗ ಸ್ಥಳೀಯ ಭಾಷೆಯನ್ನೂ, ಆ ಪ್ರದೇಶದಲ್ಲಿ ಅತ್ಯಂತ ಫಲಕಾರಿಯಾದ ವಿಧಾನವನ್ನೂ ಗಮನದಲ್ಲಿಡಬೇಕೆಂದು ವಿಧಿಸಿದೆ. ಕನ್ನಡವು ಈ ರಾಜ್ಯದ ಆಡಳಿತ ಭಾಷೆಯೆಂಬ ಕಾನೂನು 1963ರಷ್ಟು ಹಿಂದಿನದು.

ವಿಧಿಗೆ ಕೊರತೆಯಿಲ್ಲ; ಕೊರತೆಯಿರುವುದು ವಿಧಿಯ ಹಿಂದಿರುವ ಮನಸ್ಸಿಗೆ. 2020ರಲ್ಲಿ ಕೇಂದ್ರ ಸರ್ಕಾರವು ಮೇಲೆ ಹೇಳಿದ ಪರಿಸರ ಅಧಿಸೂಚನೆಗೆ ಬದಲಾಗಿ ಹೊಸದೊಂದರ ಕರಡನ್ನು ಹೊರಡಿಸಿ, ದೇಶದ ಜನರೆಲ್ಲರೂ ತಮ್ಮ ಆಕ್ಷೇಪಗಳನ್ನು ತಿಳಿಸಬಹುದೆಂದಿತು. ಕರಡು ಬಂದದ್ದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಗಣಿ, ಅಣೆಕಟ್ಟು, ಕಾರ್ಖಾನೆಗಳ ನೆರಳು ಯಾರ ಹೊಲದ ಮೇಲೆ ಬೀಳುವುದೊ ಆ ಬಳ್ಳಾರಿಯ, ಉತ್ತರ ಕನ್ನಡದ, ರಾಯಚೂರಿನ ರೈತನಿಗೆ ಎರಡೂ ಪರನುಡಿಗಳೇ. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಕರಡನ್ನು ಭಾಷಾಂತರಿಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯವು ಆ ವರುಷದ ಜೂನಿನಲ್ಲಿ ಅಪ್ಪಣೆ ಮಾಡಿತು. ಆಗಸ್ಟಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅಂತಿಮ ಅಧಿಸೂಚನೆಯನ್ನು ಹೊರಡಿಸದಂತೆ ತಾತ್ಕಾಲಿಕವಾಗಿ ತಡೆದಿತು. ಆಕ್ಷೇಪಿಸುವ ಹಕ್ಕನ್ನು ಕೊಟ್ಟು, ಏನನ್ನು ಆಕ್ಷೇಪಿಸಬೇಕೆಂಬುದನ್ನು ತಿಳಿಯಗೊಡದಿರುವುದು ಊಟಕ್ಕೆ ಕರೆದು ಎಲೆಯನ್ನು ಅಟ್ಟದ ಮೇಲಿಟ್ಟಂತೆ. ಇಷ್ಟು ಸಣ್ಣ ನ್ಯಾಯವನ್ನು ಪಡೆಯಲು ಎರಡು ಉಚ್ಚ ನ್ಯಾಯಾಲಯಗಳ ಬಾಗಿಲು ತಟ್ಟಬೇಕಾಗಿ ಬಂದಿತೆಂಬುದೇ ವಿಷಾದದ ಸಂಗತಿ.

ಅಧಿಕಾರಿಗಳು ಇದಕ್ಕೆ ಹೇಳುವ ಸಮಾಧಾನಗಳನ್ನು ನಾವು ಅರಿಯದವರಲ್ಲ. ಕಾನೂನಿನ ಮಾತಿಗೆ ಖಚಿತತೆ ಬೇಕು, ಭಾಷಾಂತರದಲ್ಲಿ ಅರ್ಥ ಜಾರೀತು ಎನ್ನುತ್ತಾರೆ. ಸಂವಿಧಾನದ 348ನೆಯ ವಿಧಿಯು ಶಾಸನಗಳ ಅಧಿಕೃತ ಪಾಠಕ್ಕೆ ಇಂಗ್ಲಿಷನ್ನು ಉಳಿಸಿರುವುದೂ ನಿಜ. ಆದರೆ ಅಧಿಕೃತ ಪಾಠವು ಯಾವುದೆಂಬ ಪ್ರಶ್ನೆ ನ್ಯಾಯಾಲಯಕ್ಕೆ ಸಂಬಂಧಿಸಿದ್ದು. ಜನರಿಗೆ ಯಾವುದನ್ನು ಮುಟ್ಟಿಸಬೇಕೆಂಬ ಪ್ರಶ್ನೆ ಬೇರೆ. ಒಂದನ್ನು ತೋರಿಸಿ ಇನ್ನೊಂದರಿಂದ ತಪ್ಪಿಸಿಕೊಳ್ಳುವುದು ಸಲ್ಲದು. ವೈದ್ಯನು ಔಷಧಿಯ ಹೆಸರನ್ನು ಯಾವ ಭಾಷೆಯಲ್ಲಿಯಾದರೂ ಬರೆಯಲಿ. ಎಷ್ಟು ಹೊತ್ತಿಗೆ ಎಷ್ಟು ಕುಡಿಯಬೇಕೆಂಬುದನ್ನು ರೋಗಿಗೆ ರೋಗಿಯ ಭಾಷೆಯಲ್ಲಿಯೇ ಹೇಳಬೇಕು.

ಇಷ್ಟು ಹೇಳಿ ಇಂಗ್ಲಿಷಿನ ಮೇಲೆ ಮಾತ್ರ ತಪ್ಪನ್ನು ಹೊರಿಸಿ ಕೈ ತೊಳೆದುಕೊಂಡರೆ ನಾವು ಅರ್ಧಸತ್ಯವನ್ನು ಹೇಳಿದಂತಾದೀತು. ಕನ್ನಡದಲ್ಲಿ ಹೊರಡುವ ಪ್ರಕಟಣೆಗಳ ಸ್ಥಿತಿಯೇನು? ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಮೊದಲಾಗುವ ವಾಕ್ಯವು ಹನ್ನೆರಡು ಸಾಲುಗಳನ್ನು ದಾಟಿ, ನಾಲ್ಕು ಆದೇಶಗಳ ಸಂಖ್ಯೆಗಳನ್ನು ಎಡವಿ, ಕೊನೆಗೆ ‘ಕ್ರಮ ಕೈಗೊಳ್ಳತಕ್ಕದ್ದು’ ಎಂದು ಬಿದ್ದುಕೊಳ್ಳುತ್ತದೆ. ಯಾರು ಕೈಗೊಳ್ಳತಕ್ಕದ್ದು, ಯಾವ ಕ್ರಮ, ಎಷ್ಟು ದಿನಗಳೊಳಗೆ ಎಂಬುದು ಓದಿದವನಿಗೂ ತಿಳಿಯದು, ಬರೆದವನನ್ನು ಕೇಳಿದರೂ ತಿಳಿಯುವ ಭರವಸೆಯಿಲ್ಲ. ಇಂಗ್ಲಿಷಿನ ವಾಕ್ಯವನ್ನು ತಲೆಕೆಳಗು ಮಾಡಿ ಕನ್ನಡದ ಪ್ರತ್ಯಯಗಳನ್ನು ತೊಡಿಸಿದರೆ ಅದು ಕನ್ನಡವಾಗದು. ನಾವು ಕೇಳುವ ಕನ್ನಡ, ಸಂತೆಯಿಂದ ಮರಳುವ ರೈತನು ತಾಲ್ಲೂಕು ಕಚೇರಿಯ ಹಲಗೆಯ ಮುಂದೆ ನಿಂತು ಒಂದು ಸಾರಿ ಓದಿ ಅಥವಾ ಓದಿಸಿಕೊಂಡು, ಮನೆಗೆ ಹೋಗಿ ಹೆಂಡತಿಗೆ ತಪ್ಪಿಲ್ಲದೆ ಹೇಳಬಲ್ಲ ಕನ್ನಡ.

ಹಿಂದೆ ಹಳ್ಳಿಗಳಲ್ಲಿ ತಳವಾರನೊ ತೋಟಿಯೊ ತಮಟೆ ಬಡಿದು ಸಾರುತ್ತಿದ್ದ ಮಾತಿನಲ್ಲಿ ಈ ಗುಣವಿದ್ದಿತು. ಊರವರು ಹಿಡಿದುಕೊಳ್ಳಲಾಗದಷ್ಟು ಉದ್ದದ ವಾಕ್ಯವನ್ನು ಅವನು ಹೇಳುವಂತೆಯೇ ಇರಲಿಲ್ಲ. ಹೇಳಿದರೆ ಅಲ್ಲಿಯೇ ‘ಏನಂದೆ?’ ಎಂದು ಕೇಳುವವರಿದ್ದರು. ಆ ಪದ್ಧತಿಯಲ್ಲಿದ್ದ ಜಾತಿಯ ಬಿಟ್ಟಿಯೂ ಅವಮಾನವೂ ಮರಳಿ ಬರಬೇಕೆಂದು ನಾವು ಹೇಳುತ್ತಿಲ್ಲ. ಊರಿಗೆಲ್ಲ ಮಾತನ್ನು ಮುಟ್ಟಿಸಿದವನನ್ನೇ ಊರ ಹೊರಗಿಟ್ಟ ಸಮಾಜವು ದೂತನ ಗೌರವವನ್ನು ಅರಿತಿರಲಿಲ್ಲ. ಆದರೆ ಸಾರಿದ ಮಾತಿಗೆ ಸ್ಥಳದಲ್ಲಿಯೇ ಮರುಪ್ರಶ್ನೆಯನ್ನು ಕೇಳಬಹುದಾಗಿದ್ದ ಅನುಕೂಲವನ್ನು ಇಂದಿನ ಗೆಜೆಟ್ಟೂ ಕೊಡದು, ಧ್ವನಿವರ್ಧಕವೂ ಕೊಡದು. ಅದನ್ನು ಬೇರೆ ರೂಪದಲ್ಲಿ ಮರಳಿ ತರಬೇಕು. 1935ರಲ್ಲಿ ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಸ್ಥಾಪಿಸಿ, ಮುಂದೆ ಅದರ ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶದ ಬಾನುಲಿಗೇ ಹೆಸರಾಯಿತು. ಹೊಸ ಯಂತ್ರಕ್ಕೆ ನಮ್ಮ ಮಾತನ್ನು ತೊಡಿಸಬಲ್ಲ ಶಕ್ತಿಯು ಈ ನಾಡಿಗೆ ಆಗ ಇದ್ದಿತು. ಈಗ ಇಲ್ಲವೆನ್ನಲು ಕಾರಣವಿಲ್ಲ.

ಇನ್ನೊಂದು ವಿಪತ್ತನ್ನೂ ಇಲ್ಲಿಯೇ ಹೇಳಬೇಕು. ನಮ್ಮಲ್ಲಿ ‘ಘೋಷಣೆ’ ಎಂಬ ಮಾತಿಗೆ ಈಗ ಎರಡು ಅರ್ಥ: ಸರ್ಕಾರವು ಸಾರುವ ಸುದ್ದಿಯೂ ಘೋಷಣೆ, ಮೆರವಣಿಗೆಯಲ್ಲಿ ಕೂಗುವ ಕೂಗೂ ಘೋಷಣೆ. ಎರಡಕ್ಕೂ ಇರುವ ಅಂತರವು ದಿನದಿನಕ್ಕೆ ಕಡಮೆಯಾಗುತ್ತಿದೆಯೆಂದು ಹೇಳಿದರೆ ಅದು ಕುಚೋದ್ಯವೆಂದು ಯಾರೂ ತಿಳಿಯಬಾರದು. ಒಂದು ಯೋಜನೆಯನ್ನು ಆಯವ್ಯಯದಲ್ಲಿ ಘೋಷಿಸುತ್ತಾರೆ. ಶಂಕುಸ್ಥಾಪನೆಯ ದಿನ ಇನ್ನೊಮ್ಮೆ ಘೋಷಿಸುತ್ತಾರೆ. ಚುನಾವಣೆಯ ಮುನ್ನ ಮತ್ತೊಮ್ಮೆ ಘೋಷಿಸುತ್ತಾರೆ. ಮಾಡಿದೆವೆಂದು ಬಂದು ಹೇಳುವ ದಿನ ಮಾತ್ರ ಪಂಚಾಂಗದಲ್ಲಿ ಕಾಣದು. ಮೇಲೆ ವಾಚಕರಿಗೆ ನೆನಪಿನಲ್ಲಿಡಲು ಹೇಳಿದ ಮಾತಿನಿಂದ ಇಲ್ಲಿ ಕೆಲಸ. ಕಳುಹಿಸಿದ ದೂತನು ಮರಳಿ ಬಂದು ವರದಿ ಒಪ್ಪಿಸಬೇಕೆಂಬ ನಿಯಮವನ್ನು ಲ್ಯಾಟಿನ್ನು ಒಂದು ಕ್ರಿಯಾಪದದಲ್ಲಿ ಇಟ್ಟಿದ್ದಿತು. ಇಂಗ್ಲಿಷಿನಲ್ಲಿ ಅದೇ ಪದವು ಕೈಬಿಡುವುದೆಂಬ ಅರ್ಥಕ್ಕೆ ಇಳಿದದ್ದು ಪದಚರಿತ್ರೆಯ ಆಕಸ್ಮಿಕ. ನಮ್ಮ ಆಡಳಿತದಲ್ಲಿ ವರದಿ ಒಪ್ಪಿಸಬೇಕಾದ ಕಡೆ ಕೈಬಿಡುವುದೇ ನಡೆದರೆ ಅದು ಆಕಸ್ಮಿಕವಲ್ಲ, ಅಪರಾಧ.

ಆದುದರಿಂದ ನಮ್ಮ ಸೂಚನೆಗಳು ಐದೇ. ಜನರನ್ನು ಕುರಿತ ಯಾವ ಪ್ರಕಟಣೆಯೇ ಆಗಲಿ, ಮೊದಲು ಕನ್ನಡದಲ್ಲಿ ಬರೆಯಲ್ಪಡಲಿ. ಇಂಗ್ಲಿಷು ಬೇಕಾದರೆ ಆಮೇಲೆ ಬರಲಿ. ಹೊರಡಿಸುವ ಮುನ್ನ ಕಚೇರಿಯ ಹೊರಗಿನವನೊಬ್ಬನಿಗೆ ಅದನ್ನು ಓದಿ ಹೇಳಿ, ಅವನು ತಿಳಿದದ್ದೇನೆಂದು ಕೇಳಲಿ. ತಿಳಿಯದಿದ್ದರೆ ತಿದ್ದಬೇಕಾದದ್ದು ಕೇಳಿದವನನ್ನಲ್ಲ, ಬರಹವನ್ನು. ಯಾರನ್ನು, ಎಲ್ಲಿ, ಯಾವ ದಿನದೊಳಗೆ ಕಾಣಬೇಕೆಂಬುದು ಕೊನೆಯ ಮೂಲೆಯಲ್ಲಿರದೆ ಮೊದಲ ಸಾಲಿನಲ್ಲಿಯೇ ಇರಲಿ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ, ಕೇಳಿದ ಪ್ರಶ್ನೆಗೆ ಉತ್ತರ ಹೇಳಲಿ. ಕೊನೆಯದಾಗಿ, ಘೋಷಿಸಿದ ಪ್ರತಿಯೊಂದು ಯೋಜನೆಗೂ ವರುಷ ತುಂಬಿದ ದಿನ ಅದೇ ಅಧಿಕಾರಿಯು ಅದೇ ಸ್ಥಳದಲ್ಲಿ, ಆದದ್ದೆಷ್ಟು, ಆಗದದ್ದೆಷ್ಟು, ಏಕೆ ಎಂಬುದನ್ನು ಹೇಳಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಡ, ಹೊಸ ಇಲಾಖೆ ಬೇಡ, ಹೆಚ್ಚಿನ ಹಣವೂ ಬೇಡ.

ಪತ್ರಿಕೆಗಳಾದ ನಮಗೂ ಇದರಲ್ಲಿ ಪಾಲುಂಟು. ಸರ್ಕಾರದ ಪ್ರಕಟಣೆಯನ್ನು ಬಂದಂತೆಯೇ ಅಚ್ಚು ಹಾಕಿ ಕರ್ತವ್ಯವು ಮುಗಿಯಿತೆಂದುಕೊಳ್ಳುವ ಪತ್ರಿಕೆಯು ಗೋಡೆಯ ಕೆಲಸವನ್ನು ಮಾಡಿತೇ ಹೊರತು ದೂತನ ಕೆಲಸವನ್ನು ಮಾಡಲಿಲ್ಲ. ಒಂದು ಆಜ್ಞೆಯಿಂದ ಓದುಗನ ಜಮೀನಿಗೆ, ಕೂಲಿಗೆ, ಮಕ್ಕಳ ಶಾಲೆಗೆ ಏನಾಗುವುದೆಂಬುದನ್ನು ತಿಳಿಯಾಗಿ ಬಿಡಿಸಿ ಹೇಳುವುದು, ಘೋಷಿಸಿದ್ದು ನಡೆಯಿತೆ ಎಂದು ವರುಷದ ಮೇಲೆ ಕೇಳುವುದು, ಇವೆರಡೂ ಪತ್ರಿಕಾಧರ್ಮದ ಮೊದಲ ಪಾಠಗಳು.

ಪ್ರಜಾಪ್ರಭುತ್ವದಲ್ಲಿ ಒಡೆಯನು ಪ್ರಜೆ. ಸರ್ಕಾರವು ಅವನ ದೂತ. ಒಡೆಯನಿಗೆ ತಿಳಿಯದ ನುಡಿಯಲ್ಲಿ ಅವನ ಮನೆಯ ಸುದ್ದಿಯನ್ನೇ ಹೇಳಿ ಹೋಗುವ ದೂತನು ಎಷ್ಟೇ ವಿನಯದಿಂದ ನಮಸ್ಕರಿಸಿದರೂ ಅವನು ತನ್ನ ಕೆಲಸವನ್ನು ಮಾಡಿದವನಲ್ಲ. ಸಾರಿದೆವೆಂದು ಹೇಳಿಕೊಳ್ಳುವ ಹಕ್ಕು ಸಾರಿದವರಿಗಿಲ್ಲ. ಸೇರಿತೆಂದು ಹೇಳುವ ಹಕ್ಕು ಕೇಳಿದವರದು.